ಗಿಡ ಎಳೆದು ನೋಡುವ ಸಾಹೇಬ

ನಗರ ಯೋಜನೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಅಪರೂಪಕ್ಕೆ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, "ಸರ್, ಸ್ಥಳ ಪರಿಶೀಲನೆಗೆ ಹ್ವಾದಾಗ ಮೊದಲ ಏನು ನೋಡಬೇಕ್ರಿ?" ಎಂದು ಕೇಳುತ್ತಾರೆ. ನಾನು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತೇನೆ: "ಗಿಡಾ ಹಿಡದು ಎಳದು ನೋಡ್ರಿ." ಅವರು ನಗುತ್ತಾರೆ. ನಿವೃತ್ತಿಯಾದ ಮೇಲೆ ಮುದುಕನಿಗೆ ತಮಾಷೆ ಹೆಚ್ಚಾಗಿದೆ ಅಂದುಕೊಳ್ಳುತ್ತಾರೆ. ನಾನು ತಮಾಷೆ ಮಾಡುವ ಮನುಷ್ಯನೇ ಅಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ನನ್ನ ಕೆಲಸ ಏನಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಯಾರಾದರೂ ಹೊಲವನ್ನು ನಿವೇಶನ ಮಾಡಿ ಮಾರಬೇಕೆಂದರೆ ಅದರಲ್ಲಿ ಉದ್ಯಾನಕ್ಕೆ ಜಾಗ ಬಿಡಬೇಕು, ರಸ್ತೆ ಬದಿಗೆ ಗಿಡ ನೆಡಬೇಕು. ದೊಡ್ಡ ಕಟ್ಟಡ ಕಟ್ಟುವುದಾದರೆ ಸುತ್ತ ಜಾಗ ಬಿಡಬೇಕು, ಗಾಡಿ ನಿಲ್ಲಿಸಲು ಸ್ಥಳ ತೋರಿಸಬೇಕು, ಮಳೆನೀರು ಇಂಗಲು ಗುಂಡಿ ತೋಡಬೇಕು. ಇದನ್ನೆಲ್ಲ ನಕ್ಷೆಯಲ್ಲಿ ಬರೆದು ತಂದರೆ ಒಪ್ಪಿಗೆ ಸಿಗುತ್ತದೆ. ನಕ್ಷೆಯಲ್ಲಿ ಇದ್ದದ್ದು ನೆಲದ ಮೇಲೂ ಇದೆಯೋ ಇಲ್ಲವೋ ನೋಡಿ ಬರುವವನು ನಾನು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ಕಡೆಗಳಲ್ಲೇ ನನ್ನ ಚಪ್ಪಲಿ ಸವೆದಿವೆ. ನಮ್ಮ ಸೀಮೆಯಲ್ಲಿ ಎಷ್ಟು ಬಿಸಿಲು ಬಿದ್ದರೂ ನಕ್ಷೆಯೊಳಗಿನ ಹಸಿರು ಬಣ್ಣ ಮಾತ್ರ ಎಂದೂ ಒಣಗಿದ್ದನ್ನು ನಾನು ಕಂಡಿಲ್ಲ.

ಜನ ನನ್ನನ್ನು ಸಂಶಯದ ಪ್ರಾಣಿ ಎನ್ನುತ್ತಿದ್ದರು. ಹೌದು, ನಾನು ಸಂಶಯದ ಪ್ರಾಣಿಯೇ. ಆ ಸಂಶಯ ಹೇಗೆ ಬೆಳೆಯಿತು, ಕಡೆಗೆ ಇಳಕಲ್ಲಿನಲ್ಲಿ ಒಂದು ಉದ್ದನೆಯ ಪಟ್ಟಿಯಂಥ ಜಾಗದ ಸಲುವಾಗಿ, ನೀಲವ್ವ ಎಂಬ ನೇಕಾರ ಹೆಣ್ಣುಮಗಳ ಮುಂದೆ ಅದು ಎಂಥ ಪೇಚಿಗೆ ಸಿಕ್ಕಿತು ಎಂಬುದನ್ನು ಬರೆಯಬೇಕು ಅನ್ನಿಸಿದೆ. ಆ ಜಾಗ ನೀಲವ್ವನಿಗೆ ಉಳಿಯುತ್ತದೋ ಇಲ್ಲವೋ ಎಂದು ನಾನು ಚಿಂತೆ ಮಾಡಿದಷ್ಟು ನನ್ನ ಬಡ್ತಿಯ ಬಗ್ಗೆ ಕೂಡ ಮಾಡಿದವನಲ್ಲ.

ಗಿಡ ಎಳೆಯುವುದನ್ನು ನನಗೆ ಕಲಿಸಿದವರು ನನ್ನ ಮೊದಲ ಮೇಲಧಿಕಾರಿ ದೇಸಾಯರು. ಬಾಗಲಕೋಟೆಯ ಹಳೇ ಊರು ಹಿನ್ನೀರಿಗೆ ಹೋಗಿ ನವನಗರ ಬೆಳೆಯುತ್ತಿದ್ದ ಕಾಲ. ನವನಗರದ ಆಚೆ ಒಬ್ಬರು ಮನೆ ನಿವೇಶನ ಮಾಡಿದ್ದರು. ನಾವು ಹೋದಾಗ ಉದ್ಯಾನದ ಜಾಗದ ತುಂಬ ಎದೆಯುದ್ದದ ಬೇವು, ಹೊಂಗೆ. ನೀರು ಹಾಕಿ ಮಣ್ಣು ಹಸಿ ಮಾಡಿಟ್ಟಿದ್ದರು. ನನಗೆ ಕಣ್ಣು ತಂಪಾಯಿತು. ದೇಸಾಯರು ಮಾತ್ರ ಎಳನೀರು ಕುಡಿಯುತ್ತಾ, ಮಾಲೀಕರ ಜೊತೆ ಮಳೆ ಬೆಳೆ ಮಾತಾಡುತ್ತಾ ಒಂದು ಗಿಡದ ಹತ್ತಿರ ಹೋಗಿ, ಕೈಯಾಸರೆಗೆ ಎಂಬಂತೆ ಅದನ್ನು ಹಿಡಿದುಕೊಂಡರು. ಗಿಡ ಕೈಗೇ ಬಂತು. ಬೇರಿರಲಿಲ್ಲ. ಮುಂಜಾನೆ ಕಡಿದು ತಂದ ಟೊಂಗೆ. ಚುಚ್ಚಿ ನಿಲ್ಲಿಸಿದ್ದರು, ಅಷ್ಟೆ.

ದೇಸಾಯರು ಆ ಟೊಂಗೆಯನ್ನು ಮಾಲೀಕರ ಕೈಗೆ ಕೊಟ್ಟು, "ಹಲ್ಲು ತಿಕ್ಕಾಕ ಚಲೋ ಅದ ಇಟಗೋರಿ" ಅಂದರು. ಬರುವಾಗ ದಾರಿಯಲ್ಲಿ ನನಗೆ ಹೇಳಿದರು: "ತಮ್ಮಾ, ಕಣ್ಣಿಗೆ ಕಾಣೂದೆಲ್ಲಾ ನಮಗ ತೋರಿಸಾಕ ಮಾಡಿದ್ದು. ನಮಗ ಯಾವುದು ತೋರಿಸೂದಿಲ್ಲೋ ಅದನ್ನ ನೋಡೂದು ನಮ್ಮ ಕೆಲಸ." ಅಂದಿನಿಂದ ನಾನು ಗಿಡ ಕಂಡಲ್ಲಿ ಕೈ ಹಾಕತೊಡಗಿದೆ. ನೆಂಟರ ಮನೆಯ ಅಂಗಳದ ದಾಸವಾಳವನ್ನೂ ಎಳೆದು ನೋಡಿ ಬೈಸಿಕೊಂಡಿದ್ದೇನೆ.

ಆದರೆ ನಾವು ಒಂದು ಕಲಿತರೆ ಎದುರಿನವರು ಇನ್ನೊಂದು ಕಲಿಯುತ್ತಾರೆ. ಕೆಲವು ವರ್ಷಗಳಲ್ಲಿ ಎಲ್ಲ ಕಡೆ ಬೇರಿರುವ ಗಿಡಗಳೇ ಕಾಣತೊಡಗಿದವು. ಎಳೆದರೆ ಗಟ್ಟಿ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಎಲ್ಲ ಕಡೆಯ ಗಿಡಗಳೂ ಒಂದೇ ಎತ್ತರ, ಒಂದೇ ವಯಸ್ಸು, ಒಂದೇ ಥರದ ಕತ್ತರಿ ಹಾಕಿದ ತಲೆ. ಒಂದು ಸಲ ಇಳಕಲ್ಲಿಗೆ ಹೋಗುವ ಮುಂಚೆ ಹೆಂಡತಿಯ ಹರಿದ ಸೀರೆಯ ದಡಿಯಿಂದ ಕೆಂಪು ನೂಲು ಬಿಚ್ಚಿಕೊಂಡು ಕಿಸೆಗೆ ಹಾಕಿಕೊಂಡೆ. ಅಲ್ಲಿ ಯಾರೂ ನೋಡದಾಗ ಕೆಲವು ಗಿಡಗಳ ಬುಡಕ್ಕೆ ಎಳೆಯೊಂದನ್ನು ಸುತ್ತಿ ಗಂಟು ಹಾಕಿದೆ. ಮುಂದಿನ ವಾರ ಹುನಗುಂದದಲ್ಲಿ ಬೇರೆಯವರ ನಿವೇಶನ ನೋಡಲು ಹೋದೆ. ಬಗ್ಗಿ ನೋಡಿದರೆ ನನ್ನ ಹೆಂಡತಿಯ ಸೀರೆಯ ನೂಲು ಅಲ್ಲಿ ನಿಂತು ನನಗೆ ನಮಸ್ಕಾರ ಹೇಳುತ್ತಿತ್ತು. ಗಿಡಗಳನ್ನು ಕುಂಡ ಸಮೇತ ಹೂಳಿ, ನಾವು ಹೋದ ಮೇಲೆ ಕಿತ್ತು, ಟ್ರ್ಯಾಕ್ಟರಿನಲ್ಲಿ ಮುಂದಿನ ಊರಿಗೆ ಸಾಗಿಸುತ್ತಿದ್ದರು. ಬಾಡಿಗೆ ಪಾತ್ರೆ ಕೇಳಿದ್ದೆ, ಬಾಡಿಗೆ ಶಾಮಿಯಾನ ಕೇಳಿದ್ದೆ, ಬಾಡಿಗೆ ಬೇವಿನ ಗಿಡ ಅಂದೇ ಕೇಳಿದ್ದು.

ನನ್ನ ಸಂಶಯ ಯಾವಾಗಲೂ ಗೆದ್ದಿತು ಎಂದೇನೂ ತಿಳಿಯಬೇಡಿ. ಬಾದಾಮಿಯಲ್ಲಿ ಒಬ್ಬ ವಸತಿಗೃಹದ ಮಾಲೀಕ ಕಟ್ಟಡದ ಸುತ್ತ ಗಿಡ ಹಚ್ಚಲು ಒಪ್ಪಲೇ ಇಲ್ಲ. "ಸಾಹೇಬ್ರ, ಗಿಡಾ ಹಚ್ಚಿದ್ರ ಮಂಗ್ಯಾ ಒಳಗ ಬರ್ತಾವ್ರಿ" ಅಂದ. ಎಂಥೆಂಥ ನೆವಗಳನ್ನು ಕೇಳಿದ ನನಗೆ ಇದು ಹೊಸ ನೆವ ಅನ್ನಿಸಿತು. ಆ ಜಾಗದಲ್ಲಿ ಊಟದ ಕೋಣೆ ಎಬ್ಬಿಸುವ ಹುನ್ನಾರ ಇದು ಎಂದುಕೊಂಡು ಪಟ್ಟು ಹಿಡಿದು ಗಿಡ ಹಚ್ಚಿಸಿದೆ. ಅವು ಚೆನ್ನಾಗಿಯೇ ಬೆಳೆದವು. ಬೆಳೆದ ಮೇಲೆ ಗುಡ್ಡದ ಮಂಗಗಳು ಒಂದೊಂದು ಟೊಂಗೆ ಹಿಡಿದು ನೇರವಾಗಿ ಎರಡನೆಯ ಮಹಡಿಗೆ ಇಳಿದವು. ಮುಂದೊಮ್ಮೆ ನಾನು ಅಲ್ಲೇ ಉಳಿದಿದ್ದಾಗ ನನ್ನ ಕನ್ನಡಕವನ್ನು ಒಂದು ಮಂಗ ಎತ್ತಿಕೊಂಡು ಹೋಗಿ ಟೊಂಗೆಯ ಮೇಲೆ ಕೂತು ಮೂಗಿಗೆ ಹಾಕಿಕೊಳ್ಳಲು ನೋಡಿತು. ಮಾಲೀಕ ಕೆಳಗೆ ನಿಂತು, "ಈಗ ಅದು ಪರಿಶೀಲನಾ ಮಾಡ್ತೈತಿ ನೋಡ್ರಿ" ಅಂದ. ನನಗೆ ಬಿಲ್ಲಿನಲ್ಲಿ ರಿಯಾಯಿತಿ ಕೇಳುವ ಧೈರ್ಯವೂ ಆಗಲಿಲ್ಲ.

ಇನ್ನು ಇಳಕಲ್ಲಿನ ಮಾತು.

ಅಷ್ಟೊತ್ತಿಗೆ ದೇಸಾಯರು ತೀರಿಕೊಂಡಿದ್ದರು. ಟೇಪು, ಸರಪಳಿ ಹೋಗಿ ಮೊಬೈಲಿನಲ್ಲೇ ಜಾಗ ಅಳೆಯುವ ಕಾಲ ಬಂದಿತ್ತು. ಹೊಸ ಮೇಲಧಿಕಾರಿ ನನಗಿಂತ ಬಹಳ ಚಿಕ್ಕವರು, ಬುದ್ಧಿವಂತರು. ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ಕೂತರೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಸ್ಥಳದ ಫೋಟೋ ಕಳಿಸಿದರೆ ಸಾಕು ಎಂಬ ಪದ್ಧತಿ ಅವರೇ ತಂದರು. ಫೋಟೋದ ಚೌಕಟ್ಟಿನ ಒಳಗೆ ಮಾತ್ರ ಗಿಡ ನೆಡುವ ಪದ್ಧತಿ ಅದರ ಬೆನ್ನಿಗೇ ಬಂತು.

ಇಳಕಲ್ಲಿನ ಅಂಚಿನಲ್ಲಿ, ನೇಕಾರರ ಓಣಿಗಳ ಆಚೆ, ಮಲ್ಲಣ್ಣ ಎಂಬಾತ ಹೊಲ ಕೊಂಡು ನಿವೇಶನ ಮಾಡಿದ್ದ. ಗ್ರಾನೈಟ್ ವ್ಯಾಪಾರದಲ್ಲಿ ಬೆಳೆದ ಮನುಷ್ಯ. ಮಾತು ಪಾಲಿಶ್ ಹೊಡೆದ ಕಲ್ಲಿನಂತೆ ನುಣುಪು. ಅವನ ನಕ್ಷೆ ನೋಡಿದ ಕೂಡಲೇ ನನ್ನ ಕಿವಿ ನಿಮಿರಿದವು. ಉದ್ಯಾನದ ಜಾಗ ಚೌಕಾಗಿ ನಡುವೆ ಇರಲಿಲ್ಲ. ಒಂದು ಅಂಚಿನಲ್ಲಿ ಉದ್ದಕ್ಕೆ, ಸಣ್ಣ ಓಣಿಯಂತೆ, ಈ ತುದಿಯಿಂದ ಆ ತುದಿಯವರೆಗೆ ಪಟ್ಟಿ ಎಳೆದಿದ್ದ. ವಿಸ್ತೀರ್ಣದ ಲೆಕ್ಕ ಸರಿ ಇತ್ತು. ಆದರೆ ಇಂಥ ಪಟ್ಟಿಯಲ್ಲಿ ಮಕ್ಕಳು ಆಡಲಾರರು, ಮುದುಕರು ಕೂಡಲಾರರು. ಉದ್ಯಾನ ಅಂದರೆ ಬಳಸಲು ಬರುವ ಆಕಾರದಲ್ಲಿ ಇರಬೇಕು, ಪಟ್ಟಿಯಾಗಿ ಕೊಟ್ಟರೆ ಒಪ್ಪಬಾರದು ಎಂದು ನಮಗೆ ಪಾಠ ಹೇಳಿಕೊಟ್ಟಿದ್ದರು. ಯಾಕೆಂದರೆ ಪಟ್ಟಿಗಳು ಬಹಳ ದಿನ ಉದ್ಯಾನವಾಗಿ ಉಳಿಯುವುದಿಲ್ಲ.

ನಾನು ಸ್ಥಳಕ್ಕೆ ಹೋಗಿ ಆ ಪಟ್ಟಿಯ ಕೊನೆಯ ತುದಿಯವರೆಗೆ ನಡೆದೆ. ತುದಿಗೆ ಹತ್ತಿ ಇನ್ನೊಂದು ದೊಡ್ಡ ಹೊಲ. ಅದಕ್ಕೆ ಯಾವ ಕಡೆಯಿಂದಲೂ ದಾರಿ ಇರಲಿಲ್ಲ. ಅಲ್ಲಿ ಕಸ ತೆಗೆಯುತ್ತಿದ್ದವನನ್ನು, "ಯಾರ ಹೊಲಾನೋ ಇದು?" ಎಂದು ಕೇಳಿದೆ.

"ಮಲ್ಲಣ್ಣನ ಹೆಂಡತಿ ತಮ್ಮಂದ್ರಿ. ಮುಂದಿನ ವರ್ಸ ಇದನ್ನೂ ಪ್ಲಾಟ್ ಮಾಡ್ತಾರಂತ."

ಎಲ್ಲ ಹೊಳೆಯಿತು. ಇಂದು ಉದ್ಯಾನದ ಪಟ್ಟಿ, ನಾಳೆ ಹಿಂದಿನ ಹೊಲಕ್ಕೆ ರಸ್ತೆ. ದೇಸಾಯರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ನಾನು ಕಚೇರಿಗೆ ಬಂದು, ಪಟ್ಟಿ ತೆಗೆದು ನಡುವೆ ಚೌಕಾದ ಉದ್ಯಾನ ಕೊಡಬೇಕು ಎಂದು ಬರೆದು ನಕ್ಷೆ ಹಿಂದಕ್ಕೆ ಕಳಿಸಿದೆ.

ಕೆಲವು ದಿನಗಳಲ್ಲಿ ಕಚೇರಿಯ ಮುಂದೆ ಒಂದು ಜೀಪು ನಿಂತಿತು. ಅದರಿಂದ ಐದಾರು ಹೆಂಗಸರು ಇಳಿದರು. ಮುಂದೆ ಬಂದವಳು ನೀಲವ್ವ. ಐವತ್ತರ ಆಸುಪಾಸು, ಗಟ್ಟಿ ದನಿ. ಕೂಡಲು ಹೇಳಿದರೂ ಕೂಡಲಿಲ್ಲ.

"ಸಾಹೇಬ್ರ, ನಮ್ಮ ಜಾಗಾ ಯಾಕ ತಗದ್ರಿ?"

"ಯಾವ ಜಾಗಾ ಯವ್ವಾ?"

"ಆ ಉದ್ದಂದು. ಅದು ಇರತೈತಿ ಅಂತ ನಾವು ಅಲ್ಲಿ ಪ್ಲಾಟ್ ಹಿಡದೇವಿ. ಚೌಕ ಜಾಗಾ ತೊಗೊಂಡು ಏನ್ ಮಾಡೂಣ್ರಿ ನಾವು? ಮಗ್ಗದ ನೂಲಿನ ಹಾಸು ಚಾಚಾಕ ಉದ್ದ ಜಾಗಾ ಬೇಕು."

ನಾನು ಅವಳ ಮಾತು ಕೇಳುತ್ತಿದ್ದರೂ ನನ್ನ ಕಣ್ಣು ಕಿಟಕಿಯ ಆಚೆಯ ಜೀಪಿನ ಮೇಲಿತ್ತು. "ಆ ಜೀಪು ಯಾರದು?" ಎಂದು ಕೇಳಿದೆ.

"ಮಲ್ಲಣ್ಣಂದು."

"ಅಂದ್ರ ನಿಮ್ಮನ್ನ ಅವನ ಕಳ್ಸ್ಯಾನ."

ನೀಲವ್ವನ ಮುಖ ಕೆಂಪಾಯಿತು. "ಜೀಪು ಅವಂದ್ರಿ. ಬಾಯಿ ನಂದು. ಬಸ್ಸಿಗೆ ಬಂದಿದ್ರ ನನ್ನ ಮಾತು ಖರೆ ಆಗ್ತಿತ್ತೇನು? ಹಂಗಿದ್ರ ನಾಳೆ ಬಸ್ಸಿಗೆ ಬಂದು ಇದನ್ನ ಮತ್ತ ಹೇಳತೇನಿ."

ಅವಳು ನಿಜವಾಗಿಯೂ ಮರುದಿನ ಒಬ್ಬಳೇ ಬಸ್ಸಿಗೆ ಬಂದಳು. ಬಂದು ಟಿಕೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು. ಕಡೆಗೆ, "ನಂಬಿಕಿ ಇಲ್ಲಂದ್ರ ಮುಂಜಾನೆ ನಮ್ಮ ಓಣಿಗೆ ಬಂದು ನೋಡ್ರಿ. ಹೇಳಿ ಬರಬ್ಯಾಡ್ರಿ, ಹೇಳಲಾರದ ಬರ್ರಿ" ಅಂದಳು. ಹೇಳದೆ ಬರ್ರಿ ಎಂದು ನನಗೆ ಕರೆ ಕೊಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆ ಮಾತು ನನ್ನನ್ನು ಹಿಡಿಯಿತು.

ಹೇಳದೆಯೇ ಹೋದೆ. ಬಿಸಿಲು ಇನ್ನೂ ಎಳೆಯದಾಗಿತ್ತು. ಓಣಿಯ ಉದ್ದಕ್ಕೂ ಬಿದಿರಿನ ಕವೆಗೋಲುಗಳ ಮೇಲೆ ಕೆಂಪು ನೂಲಿನ ಹಾಸನ್ನು ಬಿಗಿಯಾಗಿ ಎಳೆದು ನಿಲ್ಲಿಸಿದ್ದರು. ಸೀರೆಯ ಉದ್ದದ ಎಳೆಗಳೆಲ್ಲ ಅದರಲ್ಲಿ ಪಕ್ಕಪಕ್ಕಕ್ಕೆ ಇರುತ್ತವೆ. ಮಗ್ಗಕ್ಕೆ ಏರಿಸುವ ಮುಂಚೆ ಅದಕ್ಕೆ ಗಂಜಿ ಸವರಿ, ಒಣಗುವವರೆಗೆ ಎಳೆ ಎಳೆ ಬಿಡಿಸುತ್ತಿರಬೇಕು. ನೀಲವ್ವ ಒಂದು ಬದಿಗೆ, ಅವಳ ತಂಗಿ ಇನ್ನೊಂದು ಬದಿಗೆ ಕುಂಚ ಹಿಡಿದು ಹೆಜ್ಜೆ ಹೆಜ್ಜೆಗೆ ಸರಿಯುತ್ತಿದ್ದರು. ಮಧ್ಯೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಗಂಜಿ ಗಡ್ಡೆ ಕಟ್ಟುತ್ತದೆ. ಒಂದು ಮೋಟಾರ್ ಸೈಕಲ್ ಬಂದು ಹಾರನ್ ಹೊಡೆಯಿತು. ಇಬ್ಬರೂ ಹಾಸನ್ನು ತಲೆಯ ಮೇಲಕ್ಕೆ ಎತ್ತಿದರು. ಸವಾರ ತಲೆ ಬಗ್ಗಿಸಿ ದಾಟಿದ. ಇಳಿಸುವಷ್ಟರಲ್ಲಿ ಇನ್ನೊಂದು ಬಂತು. ಆಮೇಲೆ ಕಲ್ಲಿನ ಚಪ್ಪಡಿ ಹೇರಿದ ಟ್ರ್ಯಾಕ್ಟರ್ ಬಂತು. ಅದಕ್ಕೆ ತಲೆ ಬಗ್ಗಿಸಲು ಬರುವುದಿಲ್ಲವಲ್ಲ. ಹಾಸನ್ನು ಗೋಡೆಗೆ ಒತ್ತಿ ಹಿಡಿದರು. ಗಾಡಿಯ ಅಂಚಿಗೆ ಸಿಕ್ಕಿ ಕೆಲವು ಎಳೆಗಳು ಪಟಪಟನೆ ಹರಿದವು.

ಯಾರೂ ಕೂಗಾಡಲಿಲ್ಲ. ನೀಲವ್ವ ಅಲ್ಲೇ ಕೂತು ಹರಿದ ಎಳೆಗಳನ್ನು ಹುಡುಕಿ ಹುಡುಕಿ ಗಂಟು ಹಾಕತೊಡಗಿದಳು. ನನ್ನನ್ನು ಕಂಡಳು, ಏಳಲಿಲ್ಲ. "ದಿನಾ ಹಿಂಗ್ರಿ. ಮದಲ ಈ ಓಣ್ಯಾಗ ಎತ್ತಿನ ಬಂಡಿ ಸೈತ ಬರ್ತಿರಲಿಲ್ಲ. ಈಗ ರೋಡ್ ಚಲೋ ಆತು, ನಮ್ಮ ಹಾಸು ಕೆಟ್ಟಿತು. ಹಿಂಗ ಆದ್ರ ನನ್ನ ಕೂಡ ಮಗ್ಗಾನೂ ನಿಲ್ಲತೈತಿ" ಅಂದಳು. ಚೌಕಾದ ಉದ್ಯಾನ ಎಂದು ಬರೆದು ಬಂದಿದ್ದ ನನ್ನ ಕೈ ಬಗ್ಗೆ ನನಗೇ ಸಿಟ್ಟು ಬಂತು.

ಆದರೂ ನಾನು ಸಂಶಯ ಬಿಡಲಿಲ್ಲ. ಹುಡುಗರೇ, ಇಲ್ಲಿ ಗಮನ ಕೊಡಿ. ನೀಲವ್ವನಿಗೆ ಆ ಪಟ್ಟಿ ಬೇಕು ಎಂಬುದು ಖರೆ. ಮಲ್ಲಣ್ಣನಿಗೆ ಅದು ಮುಂದೆ ರಸ್ತೆಯಾಗಿ ಬೇಕು ಎಂಬುದೂ ಅಷ್ಟೇ ಖರೆ. ಅವಳ ಖರೆಯನ್ನು ಅವನು ಜೀಪಿನಲ್ಲಿ ಕೂಡಿಸಿಕೊಂಡು ನನ್ನ ಮೇಜಿಗೆ ತಂದಿದ್ದ. ಪಟ್ಟಿ ಬೇಡ ಅಂದರೆ ಅವಳು ಕೆಡುತ್ತಾಳೆ. ಹೂಂ ಅಂದರೆ ಕೆಲವು ವರ್ಷಗಳಲ್ಲಿ ಅಲ್ಲಿಯೂ ಟ್ರ್ಯಾಕ್ಟರ್ ಓಡಾಡಿ ಅವಳು ಅಲ್ಲಿಯೂ ಕೆಡುತ್ತಾಳೆ.

ನಾನು ಅವಳನ್ನು ಕೇಳಿದೆ, "ಯವ್ವಾ, ಹಾಸಿನ ತುದಿ ಎದಕ್ಕ ಕಟ್ಟತೀರಿ?"

"ಗೂಟಕ್ಕರಿ. ಇಲ್ಲಿ ಕರೆಂಟ್ ಕಂಬಕ್ಕ ಕಟ್ಟತೇವಿ."

"ಗಿಡಕ್ಕ ಕಟ್ಟಿದ್ರ?"

"ಗಿಡಾ ಇದ್ರ ಗೂಟ ಯಾಕ ಬೇಕ್ರಿ? ನೆರಳೂ ಆತು."

ನನಗೆ ದಾರಿ ಸಿಕ್ಕಿತು. ಪಟ್ಟಿಗೆ ಒಪ್ಪಿಗೆ ಕೊಡಬಹುದು, ಆದರೆ ಗಿಡಗಳನ್ನು ಅದರ ಎರಡೂ ತುದಿಗೆ ಅಡ್ಡಲಾಗಿ, ಒಂದು ಗಾಡಿ ಸಹ ನುಸುಳದಷ್ಟು ಒತ್ತಾಗಿ ನೆಡಬೇಕು, ಅವು ಬೇರು ಬಿಟ್ಟ ಮೇಲಷ್ಟೇ ನಿವೇಶನಗಳನ್ನು ಮಾರಾಟಕ್ಕೆ ಬಿಡಬೇಕು ಎಂದು ಟಿಪ್ಪಣಿ ಬರೆದೆ. ಮಲ್ಲಣ್ಣನನ್ನು ಕರೆದು ತಿಳಿಸಿದೆ. ಅವನ ನುಣುಪು ಮುಖ ಮೊದಲ ಸಲ ಒರಟಾಯಿತು.

"ಸಾಹೇಬ್ರ, ಎರಡೂ ಬಾಜೂ ಸಾಲಾಗಿ ಹಚ್ಚೂಣ್ರಿ. ಚಂದ ಕಾಣತೈತಿ. ಬೇಕಾದ್ರ ಇನ್ನೂ ನಾಕು ಹೆಚ್ಚಿಗಿ ಹಚ್ಚತೇನಿ."

"ಬಾಜೂನೂ ಹಚ್ಚು. ತುದಿಗೂ ಹಚ್ಚು."

"ತುದಿಗೆ ಬ್ಯಾಡ್ರಿ. ಅಲ್ಲಿ ಮಣ್ಣು ಚಲೋ ಇಲ್ಲ."

ಅವನು ಹಾಗೆ ಅಂದದ್ದೇ ತಡ, ನನಗೆ ಉಳಿದಿದ್ದ ಒಂದಿಷ್ಟು ಅನುಮಾನವೂ ಹೋಯಿತು. ಗಿಡ ಹೆಚ್ಚಿಗೆ ಹಚ್ಚುತ್ತೇನೆ ಎಂದು ತಾನಾಗಿ ಹೇಳುವ ಮಾಲೀಕ ಎಲ್ಲಿ ಬೇಡ ಅನ್ನುತ್ತಾನೋ ಅಲ್ಲೇ ಹಚ್ಚಿಸಬೇಕು.

ಟಿಪ್ಪಣಿ ಹಿಡಿದು ಮೇಲಧಿಕಾರಿಯ ಹತ್ತಿರ ಹೋದೆ. ಅವರು ಕಂಪ್ಯೂಟರಿನಿಂದ ಕಣ್ಣೆತ್ತಿ ನನ್ನನ್ನು ನೋಡಿದರು.

"ಹೋದ ತಿಂಗಳು ನೀವ ಪಟ್ಟಿ ಬ್ಯಾಡ ಅಂತ ಬರದ್ರಿ. ಈಗ ನೀವ ಬೇಕು ಅಂತೀರಿ. ಏನಾತ್ರಿ ನಡುವ? ಮಲ್ಲಣ್ಣ ಮನಿಗೆ ಬಂದಿದ್ನೇನು?"

ಇಡೀ ಸೇವೆಯಲ್ಲಿ ಊರವರನ್ನೆಲ್ಲ ಸಂಶಯದಿಂದ ನೋಡಿದವನು ನಾನು. ನನ್ನನ್ನು ಯಾರಾದರೂ ಹಾಗೆ ನೋಡಿದರೆ ಹೇಗಿರುತ್ತದೆ ಎಂದು ಆವತ್ತು ಗೊತ್ತಾಯಿತು. ಖರೆ ಹೇಳುತ್ತಿದ್ದರೂ ಸುಳ್ಳುಗಾರನ ಹಾಗೆ ತಡವರಿಸಿದೆ. ಓಣಿ, ಹಾಸು, ಟ್ರ್ಯಾಕ್ಟರ್ ಎಂದೆಲ್ಲ ಹೇಳಿದೆ. ಅವರಿಗೆ ಅದು ಬಾದಾಮಿಯ ಮಂಗಗಳ ಕಥೆಯ ಹಾಗೆ ಕೇಳಿಸಿರಬೇಕು. ಹೊರಗೆ ಬಂದರೆ ಕಾರಕೂನರ ಮಾತು ಥಟ್ಟನೆ ನಿಂತಿತು. ನಾನು ಲಂಚ ತಿಂದಿದ್ದೇನೆ ಎಂಬ ಗುಸುಗುಸು ಸಂಜೆಯೊಳಗೆ ಕ್ಯಾಂಟೀನಿನವರೆಗೆ ಹಬ್ಬಿತು. ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ಮನೆಯಲ್ಲಿ ಹೆಂಡತಿ, "ಚೌಕ ಅಂತನ ಬರದು ಸುಮ್ನ ಇರಬೇಕಿತ್ತು ನೀವು" ಅಂದಳು. ಸುಮ್ಮನಿರಬಹುದಿತ್ತು. ನಿಯಮ ನನ್ನ ಕಡೆಗಿತ್ತು, ಯಾರೂ ಬೆರಳು ತೋರಿಸುತ್ತಿರಲಿಲ್ಲ. ಆದರೆ ನೀಲವ್ವ ನೆಲದ ಮೇಲೆ ಕೂತು ಎಳೆ ಗಂಟು ಹಾಕುತ್ತಿದ್ದದ್ದು ಕಣ್ಣಿನಿಂದ ಹೋಗುತ್ತಿರಲಿಲ್ಲ.

ನಾನು ಮೇಲಧಿಕಾರಿಗೆ ಒಂದೇ ಮಾತು ಹೇಳಿದೆ: "ಸರ್, ನನ್ನ ಮ್ಯಾಲ ಸಂಶಯ ಇದ್ರ ಇಟಗೋರಿ, ಅದು ನಿಮ್ಮ ಕೆಲಸ. ಆದ್ರ ಕುರ್ಚಿ ಬಿಟ್ಟು ಒಮ್ಮಿ ಬಂದು ನೋಡಿ ಸಂಶಯ ಪಡ್ರಿ." ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನನಗೂ ಹೇಳದೆ ಒಂದು ಮುಂಜಾನೆ ಇಳಕಲ್ಲಿಗೆ ಹೋಗಿಬಂದರು. ಏನು ನೋಡಿದರೋ ನನಗೆ ಹೇಳಲಿಲ್ಲ. ಮರುದಿನ ಸಹಿ ಮಾಡಿದ ಟಿಪ್ಪಣಿ ನನ್ನ ಮೇಜಿನ ಮೇಲಿತ್ತು. ಅವರ ಪ್ಯಾಂಟಿನ ಮೇಲೆ ಗಂಜಿಯ ಕಲೆ ಇತ್ತೆಂದು ಕಾರಕೂನರು ಹೇಳಿದರು.

ಆದರೆ ಮಲ್ಲಣ್ಣ ಸುಲಭಕ್ಕೆ ಬಗ್ಗುವವನಲ್ಲ. ಕೆಲಸ ಮುಗಿದಿದೆ, ಬಂದು ನೋಡಿ ಎಂದು ಅರ್ಜಿ ಹಾಕಿದ. ಹೋದೆ. ಬದಿಯ ಸಾಲಿನಲ್ಲಿ ಒಳ್ಳೆಯ ಹೊಂಗೆ ಗಿಡಗಳು, ಎಳೆದರೆ ಜಗ್ಗಲಿಲ್ಲ. ಓಣಿಯ ಕಡೆಯ ತುದಿಯಲ್ಲಿ ಅಡ್ಡಲಾಗಿ ಬೇವು, ಅವೂ ಗಟ್ಟಿ. ಹಿಂದಿನ ಹೊಲದ ಕಡೆಯ ತುದಿಗೆ ಹೋದೆ. ಅಲ್ಲಿಯೂ ಬೇವು, ಹೊಳೆಯುವ ಎಲೆ. ನೀಲವ್ವ ಮತ್ತು ಉಳಿದ ಹೆಂಗಸರೂ ಬಂದಿದ್ದರು. ನಾನು ಒಂದನ್ನು ಹಿಡಿದು ಎಳೆದೆ. ಕೈಗೆ ಬಂತು. ಪಕ್ಕದ್ದನ್ನು ಎಳೆದೆ. ಅದೂ ಬಂತು. ಇಷ್ಟು ವರ್ಷಗಳ ಮೇಲೆ ಮತ್ತೆ ಅದೇ ಬೇರಿಲ್ಲದ ಟೊಂಗೆಗಳು. ಹಳೆಯ ಗೆಳೆಯನನ್ನು ಕಂಡಂತಾಯಿತು.

ಮಲ್ಲಣ್ಣ ಹಲ್ಲು ಕಿರಿದು, "ಕೆಲಸದವ್ರು ಮೋಸ ಮಾಡ್ಯಾರ್ರಿ" ಅಂದ. ನಾನು ನಿವೇಶನ ಬಿಡಲು ಬರುವುದಿಲ್ಲ ಎಂದು ಹೇಳಿ ಹೊರಟೆ.

ಅದಕ್ಕೆ ನೀಲವ್ವನೇ ನನ್ನನ್ನು ಅಡ್ಡಗಟ್ಟಿದಳು. "ಇದೇನ್ರಿ ಇದು! ಎರಡು ಗಿಡದ ಸಲುವಾಗಿ ನಮ್ಮ ಪ್ಲಾಟ್ ನಿಲ್ಲಸ್ತೀರೇನು? ನಾವು ಮನಿ ಯಾವಾಗ ಕಟ್ಟೂದು, ಮಗ್ಗಾ ಯಾವಾಗ ಹಾಕೂದು?"

ನಾನು ಅವಳನ್ನು ತುದಿಯವರೆಗೆ ಕರೆದುಕೊಂಡು ಹೋಗಿ, ಹಿಂದಿನ ಹೊಲ ತೋರಿಸಿ, ಅದು ಯಾರದು, ಅದಕ್ಕೆ ದಾರಿ ಎಲ್ಲಿಂದ ಬರಬೇಕು ಎಂದು ಕೇಳಿದೆ. ಅವಳು ಹೊಲ ನೋಡಿದಳು. ತನ್ನ ಕಾಲ ಕೆಳಗಿನ ಪಟ್ಟಿ ನೋಡಿದಳು. ಕಿತ್ತು ಬಿದ್ದ ಟೊಂಗೆ ನೋಡಿದಳು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮಲ್ಲಣ್ಣನ ಕಡೆ ತಿರುಗಿದಳು. ಅವಳು ಅವನಿಗೆ ಏನೇನು ಅಂದಳೋ ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅವನ ಜೀಪು ಬಂದದ್ದಕ್ಕಿಂತ ಬೇಗ ಹೋಯಿತು.

ಮುಂದಿನ ಸಲ ನಾನು ಹೋದಾಗ ಆ ತುದಿಯಲ್ಲಿ ನೀಲವ್ವನೇ ತನ್ನ ಹಿತ್ತಲಿನ ಬೇವಿನ ಸಸಿಗಳನ್ನು ತಂದು ನೆಟ್ಟಿದ್ದಳು. ಒಮ್ಮೆ ಯಾರೋ ಕಿತ್ತು ಹಾಕಿದ್ದರಂತೆ. ಮತ್ತೆ ನೆಟ್ಟು, ಸುತ್ತ ಜಾಲಿ ಮುಳ್ಳು ಹಾಕಿ, ಸರದಿಯ ಮೇಲೆ ಹೆಂಗಸರು ನೀರು ಹೊತ್ತು ಹಾಕುತ್ತಿದ್ದರು. ನಾನು ಮುಳ್ಳಿನ ನಡುವೆ ಕೈ ತೂರಿಸಿ ಒಂದು ಸಸಿಯನ್ನು ಹಿಡಿದೆ.

"ಕೈ ತಗೀರಿ!" ಎಂದು ನೀಲವ್ವ ಚೀರಿದಳು. "ಈಗ ಬೇರು ಹಿಡೀಲಿಕತ್ತಾವು. ಎಳದ್ರ ಹರೀತಾವು. ನಿಮಗ ಸಂಶೇ ಇದ್ರ ಮುಂದಿನ ತಿಂಗಳ ಬರ್ರಿ."

ನಾನು ಕೈ ತೆಗೆದೆ. ನಾನು ಎಳೆಯದೆ ಬಿಟ್ಟು ಬಂದ ಗಿಡ ನನ್ನ ಸೇವೆಯಲ್ಲಿ ಅದೊಂದೇ. ಆದರೂ ಆವತ್ತು ಸಹಿ ಹಾಕಲಿಲ್ಲ. ಮುಂದಿನ ತಿಂಗಳು ಹೋಗಿ, ಹೊಸ ಚಿಗುರು ನೋಡಿ, ಆಮೇಲೆ ಹಾಕಿದೆ. ಪಟ್ಟಿಯನ್ನು ನಗರಸಭೆಗೆ ಬರೆದುಕೊಟ್ಟರು, ನಿವೇಶನಗಳು ಬಿಡುಗಡೆಯಾದವು. ಅದಾದ ಸ್ವಲ್ಪ ಕಾಲಕ್ಕೆ ನಾನು ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು, ಒಂದು ಕುಂಡದ ಗಿಡ ಕೊಟ್ಟರು. ಎಲ್ಲರ ಎದುರಿಗೆ ನಾನು ಅದನ್ನೂ ಸ್ವಲ್ಪ ಎಳೆದು ನೋಡಿದೆ. ಪ್ಲಾಸ್ಟಿಕ್ಕಿನದು.

ಹೋದ ವರ್ಷ ಒಂದು ಮದುವೆಗೆಂದು ಇಳಕಲ್ಲಿಗೆ ಹೋಗಿದ್ದೆ. ಮುಂಜಾನೆ ಬಸ್ಸಿಳಿದವನೇ ಕಲ್ಯಾಣ ಮಂಟಪಕ್ಕೆ ಹೋಗದೆ ಆ ಕಡೆ ನಡೆದೆ. ನಾನು ಇಲ್ಲದಾಗ ಏನಾಗಿರಬಹುದೋ ಎಂದು ನೂರೆಂಟು ಯೋಚನೆ. ಹೋಗಿ ನೋಡಿದರೆ ಪಟ್ಟಿಯ ಉದ್ದಕ್ಕೂ ಮೂರು ನಾಲ್ಕು ಹಾಸುಗಳು, ಕೆಂಪು, ಹಸಿರು, ಕಪ್ಪು. ಆ ತುದಿಯ ಬೇವುಗಳು ಒಂದಕ್ಕೊಂದು ಟೊಂಗೆ ಹೆಣೆದು ಗೋಡೆಯ ಹಾಗೆ ನಿಂತಿದ್ದವು. ಅವುಗಳ ಆಚೆ ಹಿಂದಿನ ಹೊಲದಲ್ಲಿ ತೊಗರಿ.

ನಾನು ಬ್ಯಾಗು ಹಿಡಿದು ಒಳಗೆ ಕಾಲಿಟ್ಟದ್ದೇ ನೀಲವ್ವ ಕುಂಚ ಕೆಳಗಿಟ್ಟು ಎದುರಿಗೆ ಬಂದಳು. ಕೂದಲು ಬೆಳ್ಳಗಾಗಿತ್ತು, ದನಿ ಅದೇ.

"ಅಲ್ಲೇ ನಿಂದರ್ರಿ. ಯಾಕ ಬಂದ್ರಿ?"

"ಗುರುತು ಸಿಗಲಿಲ್ಲೇನು ಯವ್ವಾ? ನಾ, ಗಿಡಾ ಎಳಿಯೋ ಸಾಹೇಬ."

"ಗುರುತ ಸಿಕ್ಕೈತಿ. ಅದಕ್ಕ ಕೇಳತೇನಿ. ಯಾರು ಕಳ್ಸ್ಯಾರ ನಿಮ್ಮನ್ನ? ಬ್ಯಾಗಿನ್ಯಾಗ ಟೇಪ್ ಐತೇನು?"

"ನಾ ರಿಟೈರ್ ಆಗೇನಿ."

"ಹಂಗ ಅಂತ ಹೋದ ತಿಂಗಳೊಬ್ಬಂವ ಬಂದಿದ್ದ. ಬ್ಯಾಗ್ ತೋರಸ್ರಿ."

ತೋರಿಸಿದೆ. ಮದುವೆಯ ಉಡುಗೊರೆ, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ. ಅವಳು ಬಟ್ಟೆಯ ಮಡಿಕೆಯ ಕೆಳಗೂ ಕೈ ಹಾಕಿ ನೋಡಿದಳು. ನನಗೆ ಕೋಪ ಬರಲಿಲ್ಲ. ನನ್ನ ಸೇವೆಯಲ್ಲಿ ನಾನು ಕಲಿಸಬೇಕಾದದ್ದನ್ನು ಕಲಿಯಬೇಕಾದವರು ಕಲಿತಿದ್ದಾರೆ ಎಂದು ಕಣ್ಣು ತುಂಬಿ ಬಂತು. ನನ್ನ ಮುಖ ನೋಡಿ ಅವಳಿಗೂ ಏನೋ ಅನ್ನಿಸಿರಬೇಕು. ಬ್ಯಾಗನ್ನು ತಾನೇ ಎತ್ತಿಕೊಂಡು, "ಬರ್ರಿ, ಚಾ ಕುಡೀರಿ" ಎಂದು ತುದಿಯ ಬೇವಿನ ನೆರಳಿಗೆ ಕರೆದುಕೊಂಡು ಹೋದಳು.

ಅಲ್ಲಿ ಹಾಸಿನ ಹಗ್ಗವನ್ನು ಬೇವಿನ ಬೊಡ್ಡೆಗೆ ಸುತ್ತಿ ಕಟ್ಟಿದ್ದರು. ಬಹಳ ಸಲ ಕಟ್ಟಿ ಬಿಚ್ಚಿ ತೊಗಟೆಯ ಮೇಲೆ ನುಣ್ಣನೆಯ ಬಳೆಯಂಥ ಗುರುತು ಬಿದ್ದಿತ್ತು. ನೀಲವ್ವ ಚಹಾದ ಲೋಟ ನನ್ನ ಎಡಗೈಗೆ ಕೊಟ್ಟಳು.

"ಆವತ್ತ ನಾ ಎಳೀಗೊಡಲಿಲ್ಲ" ಅಂದಳು. "ಈಗ ಎಳದು ನೋಡ್ರಿ ಸಾಹೇಬ್ರ."

ಬಲಗೈಯಿಂದ ಬೊಡ್ಡೆ ಹಿಡಿದೆ. ಬಲವೆಲ್ಲ ಹಾಕಿ ಎಳೆದೆ. ಚಹಾ ತುಳುಕಿತು, ನನ್ನ ಚಪ್ಪಲಿ ಜಾರಿತು. ಗಿಡ ಅಲುಗಲಿಲ್ಲ.